ಅಮೋನಾ: ಸರ್ಕಾರವೇ ಬೆಳೆಸಿ, ಸರ್ಕಾರವೇ ಕೆಡವಿದ ಬೆಟ್ಟದೂರು

ಒಬ್ಬಳೇ ಯುವತಿ. ಎದುರಿಗೆ ಶಿರಸ್ತ್ರಾಣ ಧರಿಸಿ ಗುರಾಣಿ ಹಿಡಿದ ಪೊಲೀಸರ ಕಪ್ಪು ಸಾಲು. ಹಿಂದೆ ಹೊಗೆ. ಆಕೆ ತನ್ನ ಮೈಭಾರವನ್ನೆಲ್ಲ ಹಾಕಿ ಆ ಸಾಲನ್ನು ಹಿಂದಕ್ಕೆ ತಳ್ಳುತ್ತಿದ್ದಾಳೆ. 2006ರ ಫೆಬ್ರವರಿ 1ರಂದು ಎಪಿ ಸುದ್ದಿಸಂಸ್ಥೆಯ ಛಾಯಾಗ್ರಾಹಕ ಓಡೆಡ್ ಬಲಿಲ್ಟಿ ಸೆರೆಹಿಡಿದ ಈ ಚಿತ್ರ ಮರುವರ್ಷ ಪುಲಿಟ್ಜರ್ ಪ್ರಶಸ್ತಿಗೆ ಪಾತ್ರವಾಯಿತು. ಜಗತ್ತಿನ ಅನೇಕ ಪತ್ರಿಕೆಗಳ ಮುಖಪುಟದಲ್ಲಿ ಅದು ಕಾಣಿಸಿಕೊಂಡಿತ್ತು.

ಚಿತ್ರ ನೋಡಿದವರಲ್ಲಿ ಹಲವರು ಇದನ್ನು ಇಸ್ರೇಲಿ ಪೊಲೀಸರಿಗೂ ಪ್ಯಾಲೆಸ್ಟೀನಿಯರಿಗೂ ನಡೆದ ಘರ್ಷಣೆ ಎಂದೇ ಭಾವಿಸಿರಬಹುದು. ಆದರೆ ಆ ಯುವತಿ ಯೆಹೂದಿ, ಪೊಲೀಸರೂ ಇಸ್ರೇಲಿಗಳೇ. ಘಟನೆ ನಡೆದ ಸ್ಥಳ ಅಮೋನಾ. ಹೆಚ್ಚೆಂದರೆ ನಲವತ್ತು ಕುಟುಂಬಗಳು ವಾಸವಿದ್ದ, ಬಹುತೇಕ ಕ್ಯಾರವಾನ್ ಮನೆಗಳಿಂದಲೇ ಕೂಡಿದ್ದ ಬೆಟ್ಟದ ಮೇಲಿನ ಸಣ್ಣ ಊರು ಅದು. ಇಷ್ಟು ಚಿಕ್ಕ ಊರೊಂದು ಇಸ್ರೇಲಿನ ಸುಪ್ರೀಂ ಕೋರ್ಟನ್ನೂ ಸಂಸತ್ತನ್ನೂ ವರ್ಷಗಟ್ಟಲೆ ಕಾಡಿತು. ಕೊನೆಗೆ ಒಂದು ವಿವಾದಿತ ಕಾಯ್ದೆಗೂ ಒಂದು ಹೊಸ ವಸಾಹತಿಗೂ ಅದೇ ಕಾರಣವಾಯಿತು. ಇದು ಹೇಗೆ ಸಾಧ್ಯವಾಯಿತು? ಪಶ್ಚಿಮ ದಂಡೆಯ ಭೂವಿವಾದವನ್ನು ಅರ್ಥ ಮಾಡಿಕೊಳ್ಳಬಯಸುವವರಿಗೆ ಅಮೋನಾದ ಕಥೆಯಷ್ಟು ಸ್ಪಷ್ಟವಾದ ಪಾಠ ಮತ್ತೊಂದು ಸಿಗಲಿಕ್ಕಿಲ್ಲ.

ಬೆಟ್ಟ ಎಲ್ಲಿದೆ?

ಜೆರುಸಲೆಮ್ ನಗರದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ರಾಮಲ್ಲಾದ ಈಶಾನ್ಯಕ್ಕೆ ಒಫ್ರಾ ಎಂಬ ಯೆಹೂದಿ ವಸಾಹತು ಇದೆ. ಅದರ ನೆತ್ತಿಯ ಮೇಲಿರುವ ಬೆಟ್ಟವೇ ಅಮೋನಾ. ಸುತ್ತಲೂ ಸಿಲ್ವಾದ್, ಐನ್ ಯಬ್ರೂದ್, ತಾಯಿಬೆ ಮುಂತಾದ ಪ್ಯಾಲೆಸ್ಟೀನಿ ಊರುಗಳಿವೆ. ಇಳಿಜಾರುಗಳಲ್ಲಿ ಕಲ್ಲಿನ ಬದುಗಳನ್ನು ಕಟ್ಟಿ ಆಲಿವ್ ಮತ್ತು ಅಂಜೂರ ಬೆಳೆಯುವುದು ಈ ಸೀಮೆಯ ಹಳೆಯ ಬೇಸಾಯ ಪದ್ಧತಿ.

1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಈ ಪ್ರದೇಶವನ್ನು ಜೋರ್ಡಾನ್‌ನಿಂದ ವಶಪಡಿಸಿಕೊಂಡಿತು. ಅಂದಿನಿಂದ ಪೂರ್ವ ಜೆರುಸಲೆಮ್ ಹೊರತುಪಡಿಸಿ ಪಶ್ಚಿಮ ದಂಡೆ ಇಸ್ರೇಲಿ ಸೇನಾಡಳಿತದಲ್ಲಿದೆ. 1974ರಲ್ಲಿ ಹುಟ್ಟಿದ ಗುಷ್ ಎಮುನಿಮ್ ಎಂಬ ಧಾರ್ಮಿಕ ಚಳವಳಿಗೆ ಈ ಬೆಟ್ಟಸಾಲು ಬೈಬಲ್ ಕಾಲದ ಪಿತ್ರಾರ್ಜಿತ ಭೂಮಿ. ಆ ಚಳವಳಿಯ ಯುವಕರು 1975ರಲ್ಲಿ ಜೋರ್ಡಾನ್ ಸೇನೆ ಬಿಟ್ಟುಹೋಗಿದ್ದ ಶಿಬಿರವೊಂದರಲ್ಲಿ ನೆಲೆಯೂರಿದರು. ಅಂದಿನ ರಕ್ಷಣಾ ಸಚಿವ ಶಿಮೋನ್ ಪೆರೆಸ್ ಅದನ್ನು 'ಕೆಲಸಗಾರರ ಶಿಬಿರ'ವೆಂದು ಮನ್ನಿಸಿದರು. ಒಫ್ರಾ ಬೆಳೆದದ್ದು ಹೀಗೆ.

ಹೆಸರುಗಳಲ್ಲಿಯೂ ಈ ನಂಬಿಕೆಯ ಗುರುತಿದೆ. ಬೈಬಲಿನ ಯೆಹೋಶುವನ ಗ್ರಂಥದಲ್ಲಿ ಬೆನ್ಯಾಮೀನ ಕುಲಕ್ಕೆ ಹಂಚಿಕೆಯಾದ ಊರುಗಳ ಪಟ್ಟಿಯೊಂದಿದೆ. ಒಫ್ರಾ ಮತ್ತು ಅಮೋನಾ ಎಂಬ ಹೆಸರುಗಳ ಮೂಲ ಆ ಪಟ್ಟಿಯ ಅಕ್ಕಪಕ್ಕದ ವಚನಗಳಲ್ಲಿ ದೊರೆಯುತ್ತದೆ. ಒಂದು ಪಾಳೆಯಕ್ಕೆ ಆ ಪಟ್ಟಿಯೇ ಹಕ್ಕುಪತ್ರ. ಇನ್ನೊಂದು ಪಾಳೆಯದ ಹಕ್ಕುಪತ್ರ ಜೋರ್ಡಾನ್ ಆಡಳಿತ ಕಾಲದ ಭೂ ನೋಂದಣಿ ಪುಸ್ತಕದಲ್ಲಿದೆ. ವಿವಾದದ ಬೀಜ ಇಲ್ಲಿದೆ.

ವಸಾಹತು ಬೇರೆ, ಹೊರಠಾಣೆ ಬೇರೆ

ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಆಕ್ರಮಿತ ಪ್ರದೇಶಕ್ಕೆ ಆಕ್ರಮಿಸಿದ ರಾಷ್ಟ್ರ ತನ್ನ ನಾಗರಿಕರನ್ನು ವರ್ಗಾಯಿಸುವಂತಿಲ್ಲ. ನಾಲ್ಕನೆಯ ಜಿನೀವಾ ಒಪ್ಪಂದದ 49ನೇ ವಿಧಿ ಇದನ್ನು ಹೇಳುತ್ತದೆ. ಈ ಆಧಾರದ ಮೇಲೆ ವಿಶ್ವಸಂಸ್ಥೆ ಮತ್ತು ಜಗತ್ತಿನ ಬಹುತೇಕ ರಾಷ್ಟ್ರಗಳು ಎಲ್ಲ ವಸಾಹತುಗಳನ್ನೂ ಅಕ್ರಮವೆಂದು ಪರಿಗಣಿಸುತ್ತವೆ. ಇಸ್ರೇಲ್ ಈ ವ್ಯಾಖ್ಯಾನವನ್ನು ಒಪ್ಪುವುದಿಲ್ಲ. ಇದು ವಿವಾದಿತ ಪ್ರದೇಶವೇ ಹೊರತು ಆಕ್ರಮಿತ ಪ್ರದೇಶವಲ್ಲ ಎಂಬುದು ಅದರ ವಾದ.

ಆದರೆ ಇಸ್ರೇಲಿನ ಆಂತರಿಕ ಕಾನೂನಿನಲ್ಲಿಯೇ ಒಂದು ಗೆರೆ ಇದೆ. ಆರಂಭದ ವರ್ಷಗಳಲ್ಲಿ ಸೇನೆ ಭದ್ರತೆಯ ಹೆಸರಿನಲ್ಲಿ ಖಾಸಗಿ ಜಮೀನನ್ನು ವಶಪಡಿಸಿಕೊಂಡು ವಸಾಹತಿಗೆ ನೀಡುವುದು ವಾಡಿಕೆಯಾಗಿತ್ತು. 1979ರ ಅಕ್ಟೋಬರ್‌ನಲ್ಲಿ ಎಲೋನ್ ಮೊರೆ ಪ್ರಕರಣದ ತೀರ್ಪು ಈ ವಾಡಿಕೆಗೆ ತಡೆಯೊಡ್ಡಿತು. ನಾಗರಿಕ ವಸಾಹತಿಗಾಗಿ ಖಾಸಗಿ ಭೂಮಿಯನ್ನು ಸೇನಾ ಅಗತ್ಯವೆಂದು ಹೇಳಿ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆನಂತರ ಸರ್ಕಾರ ಬೇರೊಂದು ದಾರಿ ಹಿಡಿಯಿತು. 1858ರ ಒಟ್ಟೋಮನ್ ಭೂ ಸಂಹಿತೆಯನ್ನು ಆಧರಿಸಿ, ಉಳುಮೆಯಾಗದೆ ಬಿಟ್ಟ ಮತ್ತು ನೋಂದಣಿಯಾಗದ ವಿಶಾಲ ಪ್ರದೇಶಗಳನ್ನು 'ಸರ್ಕಾರಿ ಭೂಮಿ' ಎಂದು ಘೋಷಿಸಲಾಯಿತು. ವಸಾಹತುಗಳು ಅಲ್ಲಿ ಎದ್ದವು.

ಹೀಗಾಗಿ ಸರ್ಕಾರದ ನಿರ್ಣಯ, ಸರ್ಕಾರಿ ಭೂಮಿ, ಅನುಮೋದಿತ ನಕ್ಷೆ ಇವಿಷ್ಟೂ ಇದ್ದರೆ ಇಸ್ರೇಲಿ ಕಾನೂನಿನ ದೃಷ್ಟಿಯಲ್ಲಿ ಅದು ಅಧಿಕೃತ ವಸಾಹತು. ಇವು ಇಲ್ಲದೆ ತಲೆಯೆತ್ತಿದ್ದು ಹೊರಠಾಣೆ. ಓಸ್ಲೋ ಒಪ್ಪಂದದ ಕಾಲದಲ್ಲಿ ಸರ್ಕಾರ ಹೊಸ ವಸಾಹತುಗಳಿಗೆ ಅನುಮತಿ ನೀಡುವುದನ್ನು ಬಹುಮಟ್ಟಿಗೆ ನಿಲ್ಲಿಸಿತ್ತು. ಆಗ ಹೊರಠಾಣೆಗಳ ಸಂಖ್ಯೆ ಏರತೊಡಗಿತು. ಹಳೆಯ ವಸಾಹತಿನ 'ಬಡಾವಣೆ' ಎಂಬ ನೆಪದಲ್ಲಿ ಪಕ್ಕದ ಗುಡ್ಡದ ಮೇಲೆ ನಾಲ್ಕಾರು ಕ್ಯಾರವಾನ್ ಇಳಿಸುವುದು ಇದರ ಕ್ರಮ. 1998ರಲ್ಲಿ ವಿದೇಶಾಂಗ ಸಚಿವರಾಗಿದ್ದ ಏರಿಯಲ್ ಶರೋನ್, ಓಡಿಹೋಗಿ ಎಷ್ಟು ಸಾಧ್ಯವೋ ಅಷ್ಟು ಬೆಟ್ಟಗಳನ್ನು ಹಿಡಿದುಕೊಳ್ಳಿ ಎಂದು ವಸಾಹತುಗಾರರಿಗೆ ಬಹಿರಂಗವಾಗಿಯೇ ಕರೆ ನೀಡಿದ್ದರು.

ಅಮೋನಾ ಈ ಅಲೆಯ ಮೊದಲ ಕೂಸುಗಳಲ್ಲಿ ಒಂದು. 1990ರ ದಶಕದ ಮಧ್ಯಭಾಗದಲ್ಲಿ ಒಫ್ರಾದ ಯುವ ಕುಟುಂಬಗಳು ಬೆಟ್ಟವನ್ನೇರಿದವು. ನೀರು, ವಿದ್ಯುತ್, ರಸ್ತೆ, ಸೈನಿಕ ಕಾವಲು ಒಂದೊಂದಾಗಿ ಹಿಂಬಾಲಿಸಿದವು. ಅನುಮತಿ ಮಾತ್ರ ಬರಲಿಲ್ಲ.

ಸ್ವತಃ ಶರೋನ್ ಪ್ರಧಾನಿಯಾದ ಮೇಲೆ ಇದೇ ವಿಷಯದ ತನಿಖೆಗೆ ಹಿರಿಯ ಸರ್ಕಾರಿ ವಕೀಲೆ ತಾಲಿಯಾ ಸಾಸ್ಸೋನ್ ಅವರನ್ನು ನೇಮಿಸಿದರು. 2005ರ ಮಾರ್ಚ್‌ನಲ್ಲಿ ಹೊರಬಂದ ಆ ವರದಿ ಇಸ್ರೇಲಿನಲ್ಲಿ ಸಂಚಲನ ಮೂಡಿಸಿತು. ನೂರಕ್ಕೂ ಹೆಚ್ಚು ಹೊರಠಾಣೆಗಳನ್ನು ಪಟ್ಟಿ ಮಾಡಿದ ವರದಿ, ಸರ್ಕಾರದ ಸಚಿವಾಲಯಗಳೇ ತಮ್ಮ ಸರ್ಕಾರದ ಕಾನೂನನ್ನು ಮುರಿದು ಅವುಗಳಿಗೆ ಹಣ ಹರಿಸಿದ್ದನ್ನು ಬಯಲಿಗೆಳೆಯಿತು. ಅಮೋನಾ ಒಂದಕ್ಕೇ ವಸತಿ ಸಚಿವಾಲಯದಿಂದ 20 ಲಕ್ಷ ಶೆಕೆಲ್‌ಗೂ ಅಧಿಕ ಹಣ ಸಂದಿತ್ತು.

ಬೆಟ್ಟದ ಮೇಲಿನ ಬದುಕು

ಅಮೋನಾದಂತಹ ಊರುಗಳಲ್ಲಿ ಜನ ಹೇಗೆ ಬದುಕುತ್ತಾರೆ? ಒಫ್ರಾ ರೂಪಿಸಿದ ಮಾದರಿಗೆ 'ಸಮುದಾಯ ಗ್ರಾಮ' ಎಂಬ ಹೆಸರಿದೆ. ಬೇಸಾಯವನ್ನೇ ನೆಚ್ಚಿದ ಕಿಬ್ಬುತ್ಸ್‌ಗಳಂತೆ ಇಲ್ಲಿ ಆಸ್ತಿ ಸಾಮೂಹಿಕವಲ್ಲ. ಬಹುತೇಕರು ಜೆರುಸಲೆಮ್ ಮತ್ತಿತರ ನಗರಗಳಿಗೆ ದಿನವೂ ಉದ್ಯೋಗಕ್ಕೆ ಹೋಗಿಬರುತ್ತಾರೆ. ಆದರೆ ನೆರೆಹೊರೆಯನ್ನು ಆಯ್ದುಕೊಳ್ಳುವ ಅಧಿಕಾರ ಊರಿಗಿದೆ. ಹೊಸದಾಗಿ ಬರುವ ಕುಟುಂಬವನ್ನು ಪ್ರವೇಶ ಸಮಿತಿ ಪರಿಶೀಲಿಸಿದ ಮೇಲೆಯೇ ಮನೆ ದೊರೆಯುತ್ತದೆ. ಒಂದೇ ಬಗೆಯ ಶ್ರದ್ಧೆ, ಒಂದೇ ಬಗೆಯ ಶಾಲೆ, ಹತ್ತಿರದ ವಯಸ್ಸು. ಹಾಗಾಗಿ ಊರು ಒಂದು ದೊಡ್ಡ ಕುಟುಂಬದಂತೆ ಇರುತ್ತದೆ.

ಮನೆಯೆಂದರೆ ಕ್ಯಾರವಾನ್. ಚಳಿಗಾಲದ ಗಾಳಿ ಮಳೆಗೆ ಈ ಬೆಟ್ಟಸಾಲಿನಲ್ಲಿ ಆಸರೆಯಿಲ್ಲ. ಮಕ್ಕಳ ಶಾಲೆ, ಅಂಗಡಿ, ವೈದ್ಯರು ಎಲ್ಲಕ್ಕೂ ಕೆಳಗಿನ ಒಫ್ರಾವೇ ಗತಿ. ಕುಟುಂಬಗಳು ದೊಡ್ಡವು, ಐದಾರು ಮಕ್ಕಳಿರುವುದು ಅಪರೂಪವಲ್ಲ. ಶುಕ್ರವಾರ ಸೂರ್ಯಾಸ್ತಕ್ಕೆ ಸಬ್ಬತ್ ಆರಂಭವಾದರೆ ಶನಿವಾರ ಕತ್ತಲಾಗುವವರೆಗೆ ವಾಹನಗಳ ಸದ್ದಿಲ್ಲ, ಪ್ರಾರ್ಥನಾ ಮಂದಿರವೇ ಊರಿನ ಕೇಂದ್ರ. ಇಲ್ಲಿ ಹುಟ್ಟಿ ಹತ್ತಿಪ್ಪತ್ತು ವರ್ಷ ಕಳೆದ ಮಗುವಿಗೆ ಇದು 'ಹೊರಠಾಣೆ'ಯಲ್ಲ, ಹುಟ್ಟೂರು. ತೆರವಿನ ಪ್ರಶ್ನೆ ಬಂದಾಗಲೆಲ್ಲ ಈ ಅಂಶ ಇಸ್ರೇಲಿ ಸಮಾಜವನ್ನು ಕಲಕಿದೆ.

ಭಯವೂ ಈ ಬದುಕಿನ ಭಾಗ. ಎರಡನೇ ಇಂತಿಫಾದಾ ಎಂದು ಕರೆಯಲಾಗುವ 2000ದ ನಂತರದ ದಂಗೆಯ ವರ್ಷಗಳಲ್ಲಿ ಈ ಬೆಟ್ಟಗಳ ನಡುವಿನ ಹೆದ್ದಾರಿಯಲ್ಲಿ ವಸಾಹತುಗಾರರ ಕಾರುಗಳ ಮೇಲೆ ಗುಂಡಿನ ದಾಳಿಗಳು ನಡೆದವು. 2002ರ ಮಾರ್ಚ್ 3ರಂದು ಒಫ್ರಾಕ್ಕೆ ಹತ್ತಿರದ ವಾದಿ ಹರಾಮಿಯಾ ತಪಾಸಣಾ ಠಾಣೆಯಲ್ಲಿ ಹೊಂಚುಹಾಕಿ ಕುಳಿತಿದ್ದ ಒಬ್ಬನೇ ಬಂದೂಕುಧಾರಿ ಹತ್ತು ಇಸ್ರೇಲಿಗಳನ್ನು ಕೊಂದ. ಅವರಲ್ಲಿ ಏಳು ಮಂದಿ ಸೈನಿಕರು. ಎರಡು ವರ್ಷಗಳ ಬಳಿಕ ಬಂಧಿತನಾದ ಆತ ಸಿಲ್ವಾದ್‌ನವನು. ಬೆಟ್ಟದ ಮೇಲಿನವರಿಗೆ ಕೆಳಗಿನ ಊರಿನ ದೀಪಗಳು ಏಕೆ ಅಪಾಯದ ಸಂಕೇತವಾಗಿ ಕಂಡವೆಂಬುದನ್ನು ಇದರಿಂದ ಊಹಿಸಬಹುದು.

ಬೆಟ್ಟದ ಕೆಳಗಿನವರು

ಸಿಲ್ವಾದ್‌ನ ರೈತರಿಗೆ ಮೇಲಿನ ದೀಪಗಳು ಬೇರೊಂದು ಅರ್ಥ ನೀಡುತ್ತಿದ್ದವು. ಅಮೋನಾ ಇದ್ದ ಜಮೀನು ಬಂಜರು ಸರ್ಕಾರಿ ಭೂಮಿಯಾಗಿರಲಿಲ್ಲ. ಅದು ಸಿಲ್ವಾದ್ ಮತ್ತು ನೆರೆಯ ಊರುಗಳ ಕುಟುಂಬಗಳ ಹೆಸರಿನಲ್ಲಿದ್ದ ಖಾಸಗಿ ಸ್ವತ್ತು. 1967ಕ್ಕೆ ಮುಂಚೆ ಜೋರ್ಡಾನ್ ಆಡಳಿತ ಪಶ್ಚಿಮ ದಂಡೆಯ ಭೂಮಾಪನ ಹಾಗೂ ನೋಂದಣಿ ಕಾರ್ಯವನ್ನು ಆರಂಭಿಸಿ ಅರ್ಧಕ್ಕೇ ಬಿಟ್ಟಿತ್ತು. ಒಟ್ಟು ಪ್ರದೇಶದ ಮೂರನೇ ಒಂದು ಭಾಗದಷ್ಟು ಮಾತ್ರ ನೋಂದಣಿಯಾಗಿತ್ತು. ಅಮೋನಾದ ಬೆಟ್ಟ ಆ ಭಾಗಕ್ಕೆ ಸೇರಿದ್ದು ಅದರ ಮಾಲೀಕರ ಅದೃಷ್ಟ. ದಾಖಲೆ ಇಲ್ಲದ ಅಸಂಖ್ಯ ರೈತರಿಗೆ ಇಲ್ಲದ ಆಸರೆ ಅವರಿಗಿತ್ತು.

ಆದರೆ ದಾಖಲೆ ಇದ್ದ ಮಾತ್ರಕ್ಕೆ ನೆಲ ಕೈಗೆ ಬರಲಿಲ್ಲ. ಹೊರಠಾಣೆ ಬಂದ ಮೇಲೆ ಅದರ ಸುತ್ತಲಿನ ಜಮೀನಿಗೆ ಹೋಗುವುದೂ ಕಷ್ಟವಾಯಿತು. ವಸಾಹತುಗಾರರ ಭದ್ರತೆಗೆಂದು ಬಂದ ಸೇನೆ ರೈತರನ್ನು ದೂರವಿಟ್ಟಿತು. ಪಶ್ಚಿಮ ದಂಡೆಯ ಇಂತಹ ಅನೇಕ ಕಡೆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಆಲಿವ್ ಕೊಯ್ಲಿಗೆ ಸೇನೆ ನಿಗದಿಪಡಿಸಿದ ಕೆಲವೇ ದಿನಗಳಲ್ಲಿ ಹೋಗಿಬರಬೇಕಾದ ಸ್ಥಿತಿಯಿದೆ. ಉಳಿದ ದಿನಗಳಲ್ಲಿ ಉತ್ತಿಲ್ಲ, ಬಿತ್ತಿಲ್ಲ. ಹೀಗೆ ಪಾಳು ಬಿದ್ದ ನೋಂದಣಿಯಾಗದ ಜಮೀನಿಗೆ 'ಉಳುಮೆಯಾಗಿಲ್ಲ' ಎಂಬ ಹಣೆಪಟ್ಟಿ ಅಂಟುವ ಅಪಾಯವೂ ಇದೆ ಎಂಬುದು ಗಮನಾರ್ಹ.

2006: ಒಂಬತ್ತು ಮನೆಗಳು

ಕ್ಯಾರವಾನ್‌ಗಳ ನಡುವೆ ಒಂಬತ್ತು ಶಾಶ್ವತ ಕಲ್ಲುಮನೆಗಳು ಎದ್ದಾಗ ಇಸ್ರೇಲಿನ 'ಪೀಸ್ ನೌ' ಎಂಬ ಶಾಂತಿ ಸಂಘಟನೆ 2005ರಲ್ಲಿ ಸುಪ್ರೀಂ ಕೋರ್ಟ್ ಮೊರೆಹೋಯಿತು. ಮನೆಗಳು ಅಕ್ರಮವೆಂದು ಸರ್ಕಾರವೇ ಒಪ್ಪಿಕೊಂಡಿತು. ತೆರವಿಗೆ ದಿನ ಗೊತ್ತಾಯಿತು.

ಆ ಸಂದರ್ಭದ ಬಿಸಿಯನ್ನು ತಿಳಿಯಲು ಆರು ತಿಂಗಳು ಹಿಂದಕ್ಕೆ ಹೋಗಬೇಕು. 2005ರ ಆಗಸ್ಟ್‌ನಲ್ಲಿ ಶರೋನ್ ಸರ್ಕಾರ ಗಾಜಾದ 21 ವಸಾಹತುಗಳನ್ನೂ ಉತ್ತರ ಪಶ್ಚಿಮ ದಂಡೆಯ 4 ವಸಾಹತುಗಳನ್ನೂ ತೆರವುಗೊಳಿಸಿತ್ತು. ಅಂದು ಹಿರಿಯರ ಮಾತು ಕೇಳಿ ಕಣ್ಣೀರು ಹಾಕುತ್ತ ಹೊರನಡೆದ ಧಾರ್ಮಿಕ ಯುವಜನರಲ್ಲಿ, ತಾವು ಅತಿಯಾಗಿ ತಗ್ಗಿದೆವು ಎಂಬ ಕುದಿ ಉಳಿದಿತ್ತು. 2006ರ ಜನವರಿ 4ರಂದು ಶರೋನ್ ಪಾರ್ಶ್ವವಾಯುವಿಗೆ ತುತ್ತಾಗಿ ಪ್ರಜ್ಞೆ ಕಳೆದುಕೊಂಡರು. ಹಂಗಾಮಿ ಪ್ರಧಾನಿ ಎಹುದ್ ಓಲ್ಮರ್ಟ್ ಅವರ ಮುಂದೆ ಚುನಾವಣೆಯಿತ್ತು, ದೃಢತೆ ತೋರಿಸಬೇಕಾದ ಅಗತ್ಯವೂ ಇತ್ತು.

ಫೆಬ್ರವರಿ 1ರಂದು ಸಾವಿರಾರು ಯುವಜನರು ಆ ಒಂಬತ್ತು ಮನೆಗಳ ಒಳಗೂ ಮಾಳಿಗೆಯ ಮೇಲೂ ಸೇರಿದ್ದರು. ಕಲ್ಲುಗಳು ತೂರಿಬಂದವು. ಕುದುರೆ ಸವಾರ ಪೊಲೀಸರು ಲಾಠಿ ಬೀಸಿದರು. ಇಬ್ಬರು ಬಲಪಂಥೀಯ ಸಂಸದರೂ ಸೇರಿದಂತೆ ಇನ್ನೂರಕ್ಕೂ ಅಧಿಕ ಮಂದಿ ಗಾಯಗೊಂಡರು. ಗಾಯಾಳುಗಳಲ್ಲಿ ಪೊಲೀಸರೂ ದೊಡ್ಡ ಸಂಖ್ಯೆಯಲ್ಲಿದ್ದರು. ಸಂಜೆಯೊಳಗೆ ಮನೆಗಳು ನೆಲಸಮವಾದವು. ಪೊಲೀಸ್ ಬಲಪ್ರಯೋಗದ ಬಗ್ಗೆ ಸಂಸತ್ತು ತನಿಖಾ ಸಮಿತಿಯನ್ನೂ ರಚಿಸಿತು.

ಕೆಡವಿದ್ದು ಒಂಬತ್ತು ಮನೆಗಳನ್ನು ಮಾತ್ರ. ಕ್ಯಾರವಾನ್‌ಗಳು ಇದ್ದಲ್ಲಿಯೇ ಇದ್ದವು. ಊರು ಮುಂದುವರಿಯಿತು.

ನ್ಯಾಯಾಲಯದ ಅಂಗಳದಲ್ಲಿ

2008ರಲ್ಲಿ ಜಮೀನಿನ ಮಾಲೀಕರೇ ಮುಂದೆ ಬಂದರು. 'ಯೆಶ್ ದಿನ್' ಎಂಬ ಇಸ್ರೇಲಿ ಮಾನವ ಹಕ್ಕು ಸಂಸ್ಥೆಯ ನೆರವಿನೊಡನೆ, ಇಡೀ ಹೊರಠಾಣೆಯನ್ನೇ ತೆರವುಗೊಳಿಸಬೇಕೆಂದು ಅವರು ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಸಲ್ಲಿಸಿದರು. ಸೇನಾಡಳಿತದಲ್ಲಿರುವ ಪ್ಯಾಲೆಸ್ಟೀನಿಯರಿಗೆ ಇಸ್ರೇಲಿನ ಮತದಾನದ ಹಕ್ಕಿಲ್ಲ. ಆದರೆ ಅದರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುವ ಅವಕಾಶವಿದೆ.

ಪ್ರಕರಣ ಆರು ವರ್ಷ ನಡೆಯಿತು. ಸರ್ಕಾರ ಗಡುವಿನ ಮೇಲೆ ಗಡುವು ಕೇಳಿತು. ಕೆಲವು ತುಂಡು ಜಮೀನನ್ನು ಮಾಲೀಕರಿಂದ ಖರೀದಿಸಿದ್ದೇವೆ ಎಂಬ ವಾದವನ್ನು ನಿವಾಸಿಗಳ ಕಡೆಯವರು ಮುಂದಿಟ್ಟರು. ಪೊಲೀಸ್ ತನಿಖೆಯಲ್ಲಿ ಆ ಖರೀದಿ ಪತ್ರಗಳು ನಕಲಿ ಎಂದು ಕಂಡುಬಂದಿತು. 2014ರ ಡಿಸೆಂಬರ್ 25ರಂದು ಅಂತಿಮ ತೀರ್ಪು ಹೊರಬಿತ್ತು. ಅಮೋನಾ ಖಾಸಗಿ ಜಮೀನಿನ ಮೇಲಿದೆ, ಅದನ್ನು ಯಾವ ರೀತಿಯಲ್ಲೂ ಸಕ್ರಮಗೊಳಿಸಲು ಸಾಧ್ಯವಿಲ್ಲ, ಎರಡು ವರ್ಷದೊಳಗೆ ಖಾಲಿ ಮಾಡಿಸಬೇಕು ಎಂಬುದು ತೀರ್ಪಿನ ಸಾರ.

ಎರಡು ವರ್ಷಗಳಲ್ಲಿ ಒಂದು ಕ್ಯಾರವಾನ್ ಕೂಡ ಕದಲಲಿಲ್ಲ. 2016ರ ಡಿಸೆಂಬರ್ ಬಂದಾಗ ಪ್ರಧಾನಿ ಬೆಂಜಮಿನ್ ನೆತನ್ಯಾಹು ಅವರ ಮೈತ್ರಿಕೂಟವೇ ಅಲುಗಾಡತೊಡಗಿತ್ತು. ಬಲವಂತದ ತೆರವು ತಪ್ಪಿಸಲು ಸರ್ಕಾರ ಸಂಧಾನ ಸೂತ್ರವೊಂದನ್ನು ಮುಂದಿಟ್ಟಿತು. ಅದೇ ಬೆಟ್ಟದ ಪಕ್ಕದ ತುಂಡುಗಳಿಗೆ ಕೆಲವು ಮನೆಗಳನ್ನು ಸ್ಥಳಾಂತರಿಸುವುದು, ಉಳಿದವರಿಗೆ ಒಫ್ರಾದಲ್ಲಿ ವ್ಯವಸ್ಥೆ ಮಾಡುವುದು ಅದರ ತಿರುಳು. ಡಿಸೆಂಬರ್ 18ರಂದು ನಿವಾಸಿಗಳು ಸಭೆ ಸೇರಿ ಮತ ಹಾಕಿದರು. 45 ಮತ ಪರ, 29 ಮತ ವಿರೋಧ. ಹೊರಗಿನವರಿಗೆ ಒಂದೇ ದನಿಯಂತೆ ಕೇಳಿಸುತ್ತಿದ್ದ ಆ ಊರೊಳಗೂ ಬಿರುಕಿತ್ತು. ಸರ್ಕಾರದ ಮಾತನ್ನು ನಂಬಿ ಶಾಂತಿಯಿಂದ ಹೊರಡೋಣ ಎಂಬುವವರು ಒಂದೆಡೆ, ಬೆಟ್ಟ ಬಿಟ್ಟರೆ ಎಲ್ಲವನ್ನೂ ಬಿಟ್ಟಂತೆ ಎಂಬುವವರು ಮತ್ತೊಂದೆಡೆ.

ಐದು ದಿನಗಳ ಬಳಿಕ, ಡಿಸೆಂಬರ್ 23ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ವಸಾಹತುಗಳನ್ನು ಖಂಡಿಸುವ 2334ನೇ ನಿರ್ಣಯವನ್ನು 14-0 ಮತಗಳಿಂದ ಅಂಗೀಕರಿಸಿತು. ಅಮೆರಿಕ ತಟಸ್ಥವಾಗಿ ಉಳಿಯಿತು. ಇತ್ತ ನ್ಯಾಯಾಲಯ ತೆರವಿಗೆ 2017ರ ಫೆಬ್ರವರಿ 8ರವರೆಗೆ ಕೊನೆಯ ಅವಕಾಶ ಕೊಟ್ಟಿತು. ಆದರೆ ಪಕ್ಕದ ತುಂಡುಗಳಿಗೂ ಪ್ಯಾಲೆಸ್ಟೀನಿ ಮಾಲೀಕರಿದ್ದರು. ಸ್ಥಳಾಂತರದ ಯೋಜನೆಯನ್ನು ಸುಪ್ರೀಂ ಕೋರ್ಟ್ ಫೆಬ್ರವರಿ 1ರಂದು ತಳ್ಳಿಹಾಕಿತು.

ಅದೇ ದಿನ ಸುಮಾರು ಮೂರು ಸಾವಿರ ಪೊಲೀಸರು ಬೆಟ್ಟ ಹತ್ತಿದರು. ಈ ಸಲ ಅವರ ಬಳಿ ಶಸ್ತ್ರಗಳಿರಲಿಲ್ಲ. ಅನೇಕ ಕುಟುಂಬಗಳು ಮಕ್ಕಳ ಕೈಹಿಡಿದು ತಾವೇ ಹೊರನಡೆದವು. ಹಲವರನ್ನು ಪೊಲೀಸರು ಎತ್ತಿಕೊಂಡು ಹೋದರು. ಕಟು ಪ್ರತಿರೋಧ ಬಂದದ್ದು ಬಹುಮಟ್ಟಿಗೆ ಹೊರಗಿನಿಂದ ಬಂದು ಸೇರಿದ ಯುವಕರಿಂದ. ಮರುದಿನ ಪ್ರಾರ್ಥನಾ ಮಂದಿರದೊಳಗೆ ಅಡ್ಡಗಟ್ಟಿಕೊಂಡಿದ್ದ ಗುಂಪನ್ನು ಹೊರಗೆಳೆಯುವುದರೊಂದಿಗೆ ತೆರವು ಮುಗಿಯಿತು. ಹತ್ತಾರು ಪೊಲೀಸರು ಗಾಯಗೊಂಡರು.

ಅಕ್ರಮಕ್ಕೆ ಸಕ್ರಮದ ಮುದ್ರೆ

ತೆರವಿನ ಧೂಳು ಅಡಗುವ ಮುನ್ನವೇ, ಫೆಬ್ರವರಿ 6ರ ರಾತ್ರಿ, ಇಸ್ರೇಲಿ ಸಂಸತ್ತು 60-52 ಮತಗಳಿಂದ ಒಂದು ಕಾಯ್ದೆಯನ್ನು ಅಂಗೀಕರಿಸಿತು. ಖಾಸಗಿ ಪ್ಯಾಲೆಸ್ಟೀನಿ ಜಮೀನಿನ ಮೇಲೆ ಸರ್ಕಾರದ ಬೆಂಬಲದಿಂದಲೋ ಸದುದ್ದೇಶದಿಂದಲೋ ಕಟ್ಟಿದ ಮನೆಗಳನ್ನು ಸಕ್ರಮಗೊಳಿಸುವುದು, ಮಾಲೀಕರಿಗೆ ಪರಿಹಾರಧನವನ್ನೋ ಬದಲಿ ಭೂಮಿಯನ್ನೋ ನೀಡುವುದು ಇದರ ಉದ್ದೇಶ. 'ಅಕ್ರಮ-ಸಕ್ರಮ' ಎಂಬ ಪದಜೋಡಿ ಕನ್ನಡ ಓದುಗರಿಗೆ ಹೊಸದಲ್ಲ. ಆದರೆ ಇಲ್ಲಿ ಸಕ್ರಮವಾಗಬೇಕಿದ್ದುದು ಇನ್ನೊಬ್ಬರ ಹೆಸರಿನಲ್ಲಿದ್ದ ಖಾಸಗಿ ಜಮೀನು, ಆ ಇನ್ನೊಬ್ಬರಿಗೆ ಕಾಯ್ದೆ ಮಾಡುವ ಸಂಸತ್ತಿನಲ್ಲಿ ಮತವೇ ಇರಲಿಲ್ಲ.

ವಿರೋಧ ಇಸ್ರೇಲಿನ ಒಳಗಿನಿಂದಲೇ ಬಂದಿತು. ಆಡಳಿತ ಪಕ್ಷವಾದ ಲಿಕುದ್‌ನ ಹಿರಿಯ ಸಂಸದ ಬೆನ್ನಿ ಬೆಗಿನ್ ಕಾಯ್ದೆಯ ವಿರುದ್ಧ ಮತ ಚಲಾಯಿಸಿದರು. 1977ರಿಂದ ವಸಾಹತು ವಿಸ್ತರಣೆಗೆ ದೊಡ್ಡ ಒತ್ತು ನೀಡಿದ ಪ್ರಧಾನಿ ಮೆನಾಹೆಮ್ ಬೆಗಿನ್ ಅವರ ಪುತ್ರ ಇವರು. ಸರ್ಕಾರದ ಅಟಾರ್ನಿ ಜನರಲ್ ಅವಿಹಾಯ್ ಮಾಂಡೆಲ್‌ಬ್ಲಿಟ್ ಈ ಕಾಯ್ದೆಯನ್ನು ನ್ಯಾಯಾಲಯದಲ್ಲಿ ಸಮರ್ಥಿಸಲು ನಿರಾಕರಿಸಿದರು. 2020ರ ಜೂನ್ 9ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8-1 ಬಹುಮತದಿಂದ ಕಾಯ್ದೆಯನ್ನು ರದ್ದುಗೊಳಿಸಿತು. ಪ್ಯಾಲೆಸ್ಟೀನಿಯರ ಆಸ್ತಿ ಹಕ್ಕು ಮತ್ತು ಸಮಾನತೆಗೆ ಅದು ಧಕ್ಕೆ ತರುತ್ತದೆ ಎಂಬುದು ಪೀಠದ ನಿಲುವು.

ಹೊಸ ಊರು ಅಮಿಹಾಯ್

ಮನೆ ಕಳೆದುಕೊಂಡ ಕುಟುಂಬಗಳ ಗತಿಯೇನು? ತೆರವು ನಡೆದ ದಿನವೇ ನೆತನ್ಯಾಹು ಅವರಿಗಾಗಿ ಹೊಸ ವಸಾಹತು ಸ್ಥಾಪಿಸುವ ಭರವಸೆ ನೀಡಿದ್ದರು. 2017ರ ಮಾರ್ಚ್ 30ರಂದು ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿತು. ಎರಡು ದಶಕಗಳಿಗೂ ಹೆಚ್ಚಿನ ಅವಧಿಯಲ್ಲಿ ಸರ್ಕಾರ ಅಧಿಕೃತವಾಗಿ ಸ್ಥಾಪಿಸಿದ ಮೊದಲ ಹೊಸ ವಸಾಹತು ಅದು. ಒಂದು ವರ್ಷಕ್ಕೂ ಹೆಚ್ಚು ಕಾಲ ಒಫ್ರಾದ ವಸತಿನಿಲಯದಲ್ಲಿ ದಿನದೂಡಿದ ಕುಟುಂಬಗಳು 2018ರ ಮಾರ್ಚ್ ಕೊನೆಯಲ್ಲಿ ಉತ್ತರದ ಶಿಲೋ ಪ್ರದೇಶದ ಹೊಸ ಮನೆಗಳಿಗೆ ಹೊರಟವು. ಊರಿನ ಹೆಸರು ಅಮಿಹಾಯ್. 'ನನ್ನ ಜನ ಬದುಕಿದ್ದಾರೆ' ಎಂಬುದು ಅದರ ಅರ್ಥ. ಕೆಳಗೆ ಮತ್ತೊಂದು ಪ್ಯಾಲೆಸ್ಟೀನಿ ಹಳ್ಳಿ ಇದೆ, ಅದರ ಹೆಸರು ಜಾಲೂದ್.

ಅಂದರೆ ಅಕ್ರಮವೆಂದು ತೆರವಾದ ಒಂದು ಹೊರಠಾಣೆಯ ಬದಲಿಗೆ ಸರ್ಕಾರದ ಮುದ್ರೆ ಹೊತ್ತ ಒಂದು ವಸಾಹತು ಹುಟ್ಟಿತು. ಕಾನೂನು ಗೆದ್ದಿತೆಂದು ಒಬ್ಬರು ಹೇಳಿದರೆ, ವಸಾಹತು ಚಳವಳಿಯೇ ಗೆದ್ದಿತೆಂದು ಇನ್ನೊಬ್ಬರು ಹೇಳಬಹುದು. ಎರಡರಲ್ಲಿಯೂ ಸತ್ಯಾಂಶವಿದೆ.

ಖಾಲಿಯಾದ ಬೆಟ್ಟಕ್ಕೂ ನೆಮ್ಮದಿ ದೊರೆಯಲಿಲ್ಲ. 2018ರ ಡಿಸೆಂಬರ್ 9ರಂದು ಒಫ್ರಾದ ಬಸ್ ತಂಗುದಾಣದ ಬಳಿ ನಡೆದ ಗುಂಡಿನ ದಾಳಿಯಲ್ಲಿ ಗರ್ಭಿಣಿಯೊಬ್ಬರು ತೀವ್ರವಾಗಿ ಗಾಯಗೊಂಡರು. ಅವಧಿಗೆ ಮುನ್ನ ಹೊರತೆಗೆದ ಆಕೆಯ ಮಗು ಕೆಲವೇ ದಿನಗಳಲ್ಲಿ ಅಸುನೀಗಿತು. ಡಿಸೆಂಬರ್ 13ರಂದು ಸಮೀಪದ ಮತ್ತೊಂದು ತಾಣದಲ್ಲಿ ಇಬ್ಬರು ಸೈನಿಕರು ಬಲಿಯಾದರು. ಇದಕ್ಕೆ ಉತ್ತರವೆಂಬಂತೆ ಯುವಜನರ ಗುಂಪೊಂದು ಮತ್ತೆ ಅಮೋನಾ ಬೆಟ್ಟ ಹತ್ತಿ ಕ್ಯಾರವಾನ್ ಇಳಿಸಿತು. 2019ರ ಜನವರಿ 3ರಂದು ಪೊಲೀಸರು ಮೂರನೆಯ ಬಾರಿ ಅಲ್ಲಿಗೆ ಬಂದು ತೆರವುಗೊಳಿಸಿದರು.

ಬೆಟ್ಟದ ನಿಜವಾದ ಮಾಲೀಕರು?

ಇಷ್ಟೆಲ್ಲ ಹೋರಾಟದ ಬಳಿಕ ಮೊಕದ್ದಮೆ ಗೆದ್ದವರಿಗೆ ಸಿಕ್ಕಿದ್ದೇನು? ತೆರವಿನ ನಂತರ ಸೇನೆ ಬೆಟ್ಟವನ್ನು ಮುಚ್ಚಿದ ಪ್ರದೇಶವೆಂದು ಸಾರಿತು. ವಸಾಹತುಗಾರರು ಮರಳಿ ಬಾರದಂತೆ ತಡೆಯುವುದು ಅದಕ್ಕೆ ನೀಡಿದ ಕಾರಣ. ಆದರೆ ಸಿಲ್ವಾದ್‌ನ ಮಾಲೀಕರಿಗೂ ತಮ್ಮ ಜಮೀನಿಗೆ ಮುಕ್ತವಾಗಿ ಹೋಗಿಬರಲಾಗಲಿಲ್ಲ. ಬೆಟ್ಟದ ಬುಡದಲ್ಲಿ ಒಫ್ರಾ ಇದ್ದೇ ಇದೆ, ಅದರ ಬಹುಪಾಲು ಮನೆಗಳೂ ಖಾಸಗಿ ಪ್ಯಾಲೆಸ್ಟೀನಿ ಜಮೀನಿನ ಮೇಲಿವೆ ಎಂಬುದು ಇಸ್ರೇಲಿನ ಮಾನವ ಹಕ್ಕು ಸಂಸ್ಥೆಗಳ ಅಧ್ಯಯನದಿಂದ ತಿಳಿದುಬಂದಿದೆ. ಮನೆ ಕಳೆದುಕೊಂಡವರಿಗೆ ಪರಿಹಾರಧನವೂ ಹೊಸ ಊರೂ ದೊರೆತವು. ಮೊಕದ್ದಮೆ ಗೆದ್ದವರ ಕೈಯಲ್ಲಿ ತೀರ್ಪಿನ ಪ್ರತಿ ಉಳಿಯಿತು.

ಆನಂತರದ ವರ್ಷಗಳಲ್ಲಿ ಪರಿಸ್ಥಿತಿ ಇನ್ನಷ್ಟು ಜಟಿಲವಾಗಿದೆ. 2023ರ ಫೆಬ್ರವರಿಯಲ್ಲಿ ಇಸ್ರೇಲಿ ಸಂಪುಟ ಒಂಬತ್ತು ಹೊರಠಾಣೆಗಳನ್ನು ಒಂದೇ ಬಾರಿಗೆ ಸಕ್ರಮಗೊಳಿಸಲು ತೀರ್ಮಾನಿಸಿತು. ಅದೇ ವರ್ಷದ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ಗಾಜಾ ಯುದ್ಧದ ಬಳಿಕ ಪಶ್ಚಿಮ ದಂಡೆಯಲ್ಲಿ ಹೊಸ ಹೊರಠಾಣೆಗಳೂ, ವಸಾಹತುಗಾರರಿಂದ ಪ್ಯಾಲೆಸ್ಟೀನಿಯರ ಮೇಲಿನ ದಾಳಿಗಳೂ ಹೆಚ್ಚಿವೆ. 2024ರ ಜುಲೈ 19ರಂದು ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ, ಆಕ್ರಮಿತ ಪ್ರದೇಶದಲ್ಲಿ ಇಸ್ರೇಲಿನ ಮುಂದುವರಿದ ಇರುವಿಕೆಯೇ ಅಕ್ರಮ ಎಂದಿತು. 2025ರ ಮೇ ತಿಂಗಳಲ್ಲಿ ಇಸ್ರೇಲ್ ಸರ್ಕಾರ 22 ವಸಾಹತುಗಳಿಗೆ ಒಪ್ಪಿಗೆ ನೀಡಿರುವುದನ್ನು ಪ್ರಕಟಿಸಿತು. ಅವುಗಳಲ್ಲಿ ಈಗಾಗಲೇ ಇದ್ದ ಹೊರಠಾಣೆಗಳೂ ಸೇರಿದ್ದವು. ಆ ವರ್ಷದ ಜುಲೈನಲ್ಲಿ, ಅಮೋನಾಕ್ಕೆ ನೆರೆಯಾದ, ಕ್ರೈಸ್ತರೇ ವಾಸಿಸುವ ತಾಯಿಬೆಯ ಪ್ರಾಚೀನ ಚರ್ಚ್ ಅವಶೇಷದ ಬಳಿ ಬೆಂಕಿ ಕಾಣಿಸಿಕೊಂಡಿತು. ಅದಕ್ಕೆ ವಸಾಹತುಗಾರರೇ ಕಾರಣವೆಂದು ಜೆರುಸಲೆಮಿನ ಚರ್ಚ್ ಮುಖ್ಯಸ್ಥರು ಆರೋಪಿಸಿದರು.

ಪೂರ್ವ ಜೆರುಸಲೆಮ್ ಹೊರತುಪಡಿಸಿದರೆ ಪಶ್ಚಿಮ ದಂಡೆಯಲ್ಲಿ ಸುಮಾರು 5 ಲಕ್ಷ ಯೆಹೂದಿ ವಸಾಹತುಗಾರರೂ ಸುಮಾರು 30 ಲಕ್ಷ ಪ್ಯಾಲೆಸ್ಟೀನಿಯರೂ ಇದ್ದಾರೆ. ಈ ಅಂಕಿಗಳ ಮುಂದೆ ಅಮೋನಾದ ನಲವತ್ತು ಕುಟುಂಬಗಳು ಏನೂ ಅಲ್ಲ. ಆದರೆ ಒಂದು ಸಂಗತಿ ಆ ಬೆಟ್ಟದ ಮೇಲೆ ನಿಚ್ಚಳವಾಗಿ ಕಂಡಿತು. ವಸತಿ ಸಚಿವಾಲಯ ಹಣ ಕೊಟ್ಟಿತು, ಸೇನೆ ಕಾವಲು ನಿಂತಿತು, ನ್ಯಾಯಾಲಯ ಅಕ್ರಮವೆಂದಿತು, ಪೊಲೀಸರು ಕೆಡವಿದರು, ಸಂಸತ್ತು ಸಕ್ರಮಕ್ಕೆ ಕಾಯ್ದೆ ತಂದಿತು, ಸಂಪುಟ ಹೊಸ ಊರು ಕೊಟ್ಟಿತು. ಈ ಎಲ್ಲ ಕೈಗಳೂ ಒಂದೇ ಸರ್ಕಾರದ ವ್ಯವಸ್ಥೆಗೆ ಸೇರಿದವು. ಪುಲಿಟ್ಜರ್ ಚಿತ್ರದ ಆ ಯುವತಿ ಎದುರಿಸಿದ್ದು ಅದೇ ವ್ಯವಸ್ಥೆಯ ಒಂದು ಕೈಯನ್ನು. ಆ ಚೌಕಟ್ಟಿನೊಳಗೆ ಎಲ್ಲಿಯೂ ಕಾಣದವರು ನೆಲದ ಒಡೆಯರು. ತಮ್ಮ ಹೆಸರಿನಲ್ಲಿರುವ ಬೆಟ್ಟವನ್ನು ಸಿಲ್ವಾದ್‌ನ ಮನೆಗಳಿಂದ ಅವರು ಅಂದೂ ದೂರದಿಂದ ನೋಡುತ್ತಿದ್ದರು. ತೀರ್ಪು ಬಂದ ಮೇಲೂ ಅವರಿಗೆ ದಕ್ಕಿದ್ದು ಹೆಚ್ಚುಕಡಿಮೆ ಅದೇ ನೋಟ.